ನೂರ ಒಂದರ ಸೇತುವೆ

ಮುಯ್ಯಿಗೆ ನೂರರ ಮೇಲೆ ಒಂದು ಇಡುವುದು ಎಲ್ಲರ ಮನೆಯ ಪದ್ಧತಿ. ನಮ್ಮ ಯಜಮಾನರು ಮಾತ್ರ ಕಾಗದದಲ್ಲಿ ಸಾಲಿನ ಕೊನೆಗೆ ಬರುವ ಸೊನ್ನೆಗೂ ಶುಭಕ್ಕೆಂದು ಒಂದು ಸೇರಿಸುತ್ತಿದ್ದರು. ಅರಮನೆಯ ಲೆಕ್ಕಪತ್ರದಲ್ಲಿ ಈ ಆಟ ನಡೆದಿರಲಿಲ್ಲ; ನಿವೃತ್ತರಾದ ಮೇಲೆ ಅದರ ಸೇಡನ್ನು ಮನೆಯಲ್ಲಿ ತೀರಿಸಿಕೊಳ್ಳುತ್ತಿದ್ದರು.

ನಮ್ಮ ಸೊಸೆ ಚೂಡಾಮಣಿ ಗಣಿತದಲ್ಲಿ ಎಂ.ಎಸ್ಸಿ. ಐವತ್ತೊಂಬತ್ತನೇ ಇಸವಿಯಲ್ಲಿ ಒಂಟಿಕೊಪ್ಪಲಿನ ಎಂಜಿನಿಯರ್ ಲಕ್ಷ್ಮೀನರಸಿಂಹಯ್ಯನವರು ಅವಳಿಗೊಂದು ಲೆಕ್ಕ ಕೊಟ್ಟರು. ಕೆಸರೆಯ ಕಡೆ ನಾಲೆಯೊಂದಕ್ಕೆ ಕಬ್ಬಿಣದ ಕಾಲುಸೇತುವೆ. ಎರಡು ದಡ, ನಡುವೆ ಒಂದು ಕಂಬ. ಸೇತುವೆ ತಾನಾಗಿ ಅಲುಗುವ ವೇಗವೂ ಜನರ ಹೆಜ್ಜೆಯ ವೇಗವೂ ಒಂದಾದರೆ ಅದು ಕುಣಿಯತೊಡಗುತ್ತದೆ. ಆ ವೇಗ ಎಷ್ಟೆಂದು ಹೇಳಬೇಕು. ಇಬ್ಬರು ಬೇರೆ ಬೇರೆ ಮಾಡಿದ ಲೆಕ್ಕ ತಾಳೆಯಾದರೆ ಮುಂದಿನ ಕೆಲಸಗಳೂ ಅವಳವೇ, ಇಲ್ಲದಿದ್ದರೆ ಇಲ್ಲ. ಅವಳಿಗೆ ಆ ಕೆಲಸದ ಮೇಲೆ ಪ್ರಾಣ. ಎರಡನೆಯವರಾಗಿ ನಮ್ಮವರು ಕೂತರು.

ಲೆಕ್ಕದ ರೀತಿ ನನಗೂ ಅರ್ಥವಾಯಿತು. ಸೇತುವೆ ಅಲುಗುವಾಗ ಹೇಗೆ ಬಾಗೀತು ಎಂದು ಊಹಿಸಿ ಅಂಕಿಗಳನ್ನು ಬರೆಯುವುದು. ಅವನ್ನು ಸೇತುವೆಯ ಅಳತೆ, ತೂಕದ ಅಂಕಿಗಳಿಂದ ಗುಣಿಸಿ ಕೂಡಿದರೆ ಇನ್ನೊಂದು ಆಕಾರ ಬರುತ್ತದೆ. ಅದನ್ನೇ ಮತ್ತೆ ಗುಣಿಸುವುದು, ಬೆಣ್ಣೆ ಬರುವ ತನಕ ಮೊಸರು ಕಡೆದ ಹಾಗೆ, ಆಕಾರ ಬದಲಾಗದೆ ನಿಲ್ಲುವ ತನಕ. ನಿಂತ ಆಕಾರದಿಂದ ವೇಗ ಸಿಗುತ್ತದೆ.

ಕಂಬದ ಆಚೀಚಿನ ಎರಡು ಭಾಗವೂ ಒಂದೇ ಸಮ ಕೆಳಗೆ ಬಾಗುತ್ತವೆಂದು ಚೂಡಾಮಣಿ ಊಹಿಸಿ, ಎರಡಕ್ಕೂ ನೂರು ನೂರು ಎಂದು ಬರೆದಿದ್ದಳು. ಅವಳ ಲೆಕ್ಕ ಹಾಗೆಯೇ ನಿಂತಿತು. ವೇಗ ಹೆಚ್ಚು, ಅಪಾಯವಿಲ್ಲ. ನಮ್ಮವರೂ ಅದೇ ಊಹೆಯಿಂದ ಹೊರಟು ಲೆಕ್ಕದ ಯಂತ್ರದ ಹಿಡಿಯನ್ನು ಕರಕರ ತಿರುಗಿಸಿದರು. ಆದರೆ ಅವರ ಸೇತುವೆಯ ಒಂದು ಭಾಗ ಸುತ್ತುಸುತ್ತಿಗೂ ಮೇಲೇರಿತು. ಕೊನೆಗೆ ಒಂದು ಭಾಗ ಕೆಳಗೆ, ಇನ್ನೊಂದು ಮೇಲೆ ನಿಂತಿತು.

ಅವಳ ಮುಖ ಬಾಡಿತು. ಸಂಜೆಗೆ ಎಂಜಿನಿಯರು ಬರುವವರಿದ್ದರು. ನಮ್ಮವರ ಲೆಕ್ಕದ ಮೊದಲ ಸಾಲು ನೋಡಿದವಳೇ, "ಮಾವ, ಕೊನೇಲಿ ನೂರು ಅಲ್ವಾ? ನೂರೊಂದು ಯಾಕೆ ಬರೆದ್ರಿ?" ಎಂದಳು.

"ಸಾಲನ್ನ ಸೊನ್ನೆಗೆ ಮುಗಿಸಬಾರದು ಕಣಮ್ಮ."

"ನಿಮ್ಮ ಶುಭಕ್ಕಿಷ್ಟು ಬೆಂಕಿ ಹಾಕ," ಎಂದೆ ನಾನು. ಸಿಟ್ಟು ನೆತ್ತಿಗೇರಿತ್ತು.

ಚೂಡಾಮಣಿ ಮಾತ್ರ ಸಾಲುಗಳನ್ನು ಬೆರಳಿಟ್ಟು ಮತ್ತೆ ನೋಡಿದಳು. "ಅತ್ತೆ, ಈ ಲೆಕ್ಕದಲ್ಲಿ ಸಣ್ಣ ತಪ್ಪು ಸುತ್ತುಸುತ್ತಿಗೂ ಸವೆದು ಹೋಗ್ಬೇಕು. ಇದು ಯಾಕೆ ಬೆಳೀತು?" ಎಂದು ಎದ್ದು, ಉದ್ದನೆಯ ಬಿದಿರಿನ ದಬ್ಬೆಯೊಂದನ್ನು ಬೆಂಚಿನ ಮೇಲೆ ಎರಡು ತುದಿಯಲ್ಲೂ ನಡುವೆಯೂ ಇಟ್ಟಿಗೆ ಕೊಟ್ಟು ಬಿಗಿದು ಕಟ್ಟಿದಳು. ಒಂದು ಭಾಗ ಒತ್ತಿದರೆ ಇನ್ನೊಂದು ಭಾಗ ಸಲೀಸಾಗಿ ಮೇಲೆದ್ದಿತು. ಎರಡನ್ನೂ ಒಟ್ಟಿಗೆ ಒತ್ತಿದರೆ ದಬ್ಬೆ ಬಿಗಿಯಾಗಿ ಎದುರು ನಿಂತಿತು.

"ಸೇತುವೆಗೆ ಸುಲಭ ಇದೇ, ಮಾವ. ನಾನು ಎರಡು ಕಡೇನೂ ಒಂದೇ ಸಮ ಇಟ್ಟೆ, ಅದಕ್ಕೇ ಅದು ಓರೆಯಾಗೋಕೆ ದಾರೀನೇ ಸಿಗಲಿಲ್ಲ. ನೀವು ಸೇರಿಸಿದ ಆ ಒಂದು ಅದಕ್ಕೆ ದಾರಿ ಕೊಡ್ತು." ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. ಈಗ ಬಂದ ವೇಗ ಕಡಿಮೆ. ಓಡುವವರ ಹೆಜ್ಜೆಗೆ ತೀರ ಹತ್ತಿರ.

ಎಂಜಿನಿಯರು ಬಂದಾಗ ಅವಳೇ, "ತಾಳೆ ಆಗಲಿಲ್ಲ ಸಾರ್. ತಪ್ಪಿದ್ದು ನನ್ನದು, ಸರಿ ಇರೋದು ಮಾವಂದು," ಎಂದಳು. ಕೆಲಸ ಹೋಯಿತೆಂದು ನಾನು ಸೆರಗು ಹಿಂಡುತ್ತಾ ನಿಂತೆ.

ಅವರು ದಬ್ಬೆಯನ್ನು ತಾವೇ ಒತ್ತಿ ನೋಡಿದರು. ಮತ್ತೆ ಒತ್ತಿದರು. "ನಾಳೆ ಕಬ್ಬಿಣ ಕತ್ತರಿಸೋಕೆ ಹೇಳಿದ್ದೆ ಕಣ್ರೀ. ನಾನಾಗಿದ್ರೂ ಎರಡು ಕಡೇನೂ ಒಂದೇ ಸಮ ಇಡ್ತಿದ್ದೆ," ಎಂದು ಪೆನ್ನು ತೆಗೆದು ಅವಳ ಕೈಗಿತ್ತರು. "ಈ ಲೆಕ್ಕದ ಕೆಳಗೆ ನಿಮ್ಮ ಹೆಸರು ಬರೀರಿ. ಇನ್ಮೇಲೆ ಎಲ್ಲಾ ಸೇತುವೇಗೂ ನೀವೇ ಬರೀಬೇಕು."

ಅವಳು ಬರೆದಳು. ನನಗೆ ಅಲ್ಲೇ ಕುಣಿಯಬೇಕೆನಿಸಿತು, ಸೊಂಟ ಬಿಡಲಿಲ್ಲ.