ಎಂಟೂವರೆ ಸೆಕೆಂಡು ಮುಂದಿನ ಮೀನು

ಟೀವಿಯಲ್ಲಿ ಬರುವ ಬ್ಯಾಸ್ ಮೀನಿನ ಕಾರ್ಯಕ್ರಮಗಳ ವಿಷಯದಲ್ಲಿ ನನ್ನನ್ನು ಮೀರಿಸುವವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ರಿಮೋಟು ಹಿಡಿಯುವ ವಯಸ್ಸಿಗೆ ಬಂದಿಲ್ಲ. ನಮ್ಮ ಮನೆಯ ಟೀವಿಯಲ್ಲಿ ಆರುನೂರ ಹನ್ನೆರಡು ಚಾನೆಲ್ಲುಗಳಿವೆ. ಅಷ್ಟನ್ನೂ ಈ ತುದಿಯಿಂದ ಆ ತುದಿಗೆ ನೂರಾರು ಸಲ ಅಲೆದಿದ್ದೇನೆ. ಹೆಬ್ಬೆರಳಿನ ಗೆರೆಗಳೆಲ್ಲ ಸವೆದುಹೋಗಿ, ಸರಕಾರಿ ಕಚೇರಿಯ ಬೆರಳಚ್ಚಿನ ಯಂತ್ರ ನಾನು ನಾನೇ ಎಂದು ಒಪ್ಪುವುದನ್ನು ಬಿಟ್ಟಿದೆ.

"ಹೊಲಿಗೆ ಮಿಷನ್ನು ತುಳಿದು ತುಳಿದು ಕಾಲು ಹೋಯ್ತು ಅಂದ್ರಿ. ಈಗ ಬೆರಳೂ ಹೋಯ್ತಾ? ಇನ್ನು ಗಟ್ಟಿಯಾಗಿ ಉಳಿದಿರೋದು ಬಾಯಿ ಒಂದೇ ನೋಡಿ," ಎನ್ನುತ್ತಾಳೆ ನನ್ನವಳು.

ನಾನು ದರ್ಜಿ. ನಾನು ಹೊಲಿದ ಪ್ಯಾಂಟುಗಳನ್ನು ತೊಟ್ಟವರು ಸವೆದಿದ್ದಾರೆಯೇ ಹೊರತು ಪ್ಯಾಂಟುಗಳು ಸವೆದಿಲ್ಲ. ನನ್ನ ಅಂಗಡಿಗೆ ಗೋಡೆ ಹಂಚಿಕೊಂಡಿದ್ದ ಪುಟ್ಟ ಗೂಡಿನಲ್ಲಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ರಿಪೇರಿ ಮಾಡುತ್ತಿದ್ದವನು ನನ್ನ ಗೆಳೆಯ. ಊರಿಗೆಲ್ಲ ಅವನ ಹೆಸರೇ ಗಡಿಯಾರ. ಇಪ್ಪತ್ತೆರಡು ವರ್ಷ, ವಾರದ ರಜೆಯ ದಿನ ಬೆಳಗಾದರೆ ಸಾಕು, ನಾವಿಬ್ಬರೂ ಅಣೆಕಟ್ಟಿನ ಹಿನ್ನೀರಿನಲ್ಲಿ ದೋಣಿ ಹಾಕಿಕೊಂಡು ಬ್ಯಾಸ್ ಹಿಡಿಯುತ್ತಿದ್ದೆವು. ಹಿಂದಿನ ಹಲಗೆಯ ಮೇಲೆ ಹುಟ್ಟು ಹಾಕುವ ನಾನು, ಮುಂದಿನ ಹಲಗೆಯ ಮೇಲೆ ಗಾಳ ಎಸೆಯುವ ಅವನು.

ಬ್ಯಾಸ್ ಎಂದರೆ ಅಗಲ ಬಾಯಿಯ, ಸಿಡುಕು ಸ್ವಭಾವದ ಮೀನು. ಮುಳುಗಿದ ಮರಗಳ ಬುಡದಲ್ಲಿ ಹೊಂಚು ಹಾಕಿ ಕೂತಿರುತ್ತದೆ. ಹಸಿವಿಗಿಂತ ಹೆಚ್ಚಾಗಿ ಸಿಟ್ಟಿಗೇ ಗಾಳ ಕಚ್ಚುತ್ತದೆ. ಒಂದು ಸಲ ನಾನು ಹಿಡಿದ ಬ್ಯಾಸ್ ಎಷ್ಟು ದೊಡ್ಡದಿತ್ತೆಂದರೆ, ಅದನ್ನು ದೋಣಿಗೆ ಎಳೆದುಕೊಂಡ ಕೂಡಲೇ ಹಿನ್ನೀರು ನಾಲ್ಕು ಬೆರಳು ಇಳಿಯಿತು. ಯಾರೋ ಅಣೆಕಟ್ಟಿನ ಗೇಟು ತೆಗೆದರೆಂದು ಪಂಪ್‌ಹೌಸಿನವನು ಚಪ್ಪಲಿ ಕೂಡ ಹಾಕದೆ ಓಡಿಬಂದ. ಗಡಿಯಾರ ಮಾತ್ರ ಜೇಬಿನಿಂದ ಕೊಕ್ಕೆ ತಕ್ಕಡಿ ತೆಗೆದು ಮೀನನ್ನು ತೂಗಿ, "ಒಂದೂ ಮುಕ್ಕಾಲು ಕೆಜಿ," ಎಂದ. ಅವನು ಹಾಗೇ. ಜಗತ್ತಿನಲ್ಲಿ ಯಾವುದೂ ಅದರ ಅಳತೆಗಿಂತ ಒಂದು ಕೂದಲೆಳೆ ದೊಡ್ಡದಾಗಲು ಬಿಡುವವನಲ್ಲ.

ದೋಣಿಯಲ್ಲಿ ನಾವು ಮೀನಿನ ಮಾತು ಬಿಟ್ಟು ಇನ್ನೊಂದು ಮಾತಾಡಿದವರಲ್ಲ. ಅವನ ಹೆಂಡತಿ ತೀರಿಕೊಂಡ ಮುಂದಿನ ವಾರವೂ ಹೋಗಿದ್ದೆವು. ಬಹಳ ಹೊತ್ತಿನ ಮೇಲೆ ಅವನು, "ನೀರು ತುಂಬಾ ತಣ್ಣಗಿದೆ," ಎಂದ. "ಇನ್ನೂ ಆಳಕ್ಕೆ ಬಿಡು," ಎಂದೆ. ಅಷ್ಟೇ. ಹೇಳಬೇಕಾದದ್ದೆಲ್ಲ ಅಷ್ಟರಲ್ಲೇ ಮುಗಿಯಿತು.

ಆಮೇಲೆ ಅವನ ಕೈ ನಡುಗಲು ಶುರುವಾಯಿತು. ಗಾಳಕ್ಕೇನೂ ತೊಂದರೆಯಾಗಲಿಲ್ಲ, ಆ ನಡುಕಕ್ಕೆ ಕೊಕ್ಕೆಗೆ ಸಿಕ್ಕಿಸಿದ ರಬ್ಬರಿನ ಹುಳು ನೀರಿನೊಳಗೆ ಎಂಥ ಚಂದ ಕುಣಿಯಿತೆಂದರೆ ಮೀನುಗಳು ಸರದಿ ಸಾಲಿನಲ್ಲಿ ನಿಂತವು. ಆದರೆ ಎಳ್ಳಿಗಿಂತ ಸಣ್ಣ ತಿರುಪನ್ನು ಚಿಮುಟದಲ್ಲಿ ಹಿಡಿಯುವ ಕೆಲಸ ನಡುಗುವ ಕೈಗೆ ಒಗ್ಗಲಿಲ್ಲ. ಗೂಡು ಮುಚ್ಚಿತು. ಮಗಳು ಬಂದು ತನ್ನ ಊರಿಗೆ ಕರೆದುಕೊಂಡು ಹೋದಳು. ರೈಲಿನಲ್ಲಿ ಒಂದಿಡೀ ದಿನದ ದಾರಿ.

ಅವನು ಹೋದ ಮೇಲೆ ಒಂದು ಸಲ ಒಬ್ಬನೇ ದೋಣಿ ಇಳಿಸಿದೆ. ಮುಂದಿನ ಹಲಗೆ ಖಾಲಿಯಾದದ್ದಕ್ಕೆ ದೋಣಿಯ ಮೂತಿ ಎದ್ದು ಆಕಾಶ ನೋಡತೊಡಗಿತು. ದಡಕ್ಕೆ ಬಂದು ಅವನ ತೂಕದ ಕಲ್ಲುಗಳನ್ನು ಹೊತ್ತು ತಂದು ಅಲ್ಲಿಟ್ಟೆ. ಮೂತಿ ಇಳಿಯಿತು. ಆದರೆ ಕಲ್ಲುಗಳ ಬೆನ್ನು ನೋಡಿಕೊಂಡು ಎಷ್ಟು ಹೊತ್ತು ಹುಟ್ಟು ಹಾಕುವುದು? ಆ ದೋಣಿ ಈಗ ನಮ್ಮ ಹಿತ್ತಲಿನಲ್ಲಿ ಬೋರಲು ಬಿದ್ದಿದೆ. ನನ್ನವಳು ಅದರ ಮೇಲೆ ದಿಂಬು ಒಣಗಿಸುತ್ತಾಳೆ.

ಮೊದಲ ಸಲ ಫೋನು ಮಾಡಿದಾಗ ಹೀಗಾಯಿತು:

"ಹೇಗಿದೀಯಾ?"

"ಇದೀನಿ."

"ಮತ್ತೆ?"

"ಮತ್ತೇನಿಲ್ಲ. ನೀನು?"

"ನಾನೂ ಇದೀನಿ."

ಇಬ್ಬರೂ ಒಂದಷ್ಟು ಹೊತ್ತು ಉಸಿರಾಡಿದೆವು. ಆಮೇಲೆ ಇಟ್ಟೆವು. ಮೀನಿಲ್ಲದೆ ನಮಗೆ ಮಾತೇ ಬರುವುದಿಲ್ಲ ಎಂಬುದು ಆವತ್ತು ಗೊತ್ತಾಯಿತು.

ಉಳಿಸಿದ್ದು ಟೀವಿ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಒಂದು ಬ್ಯಾಸ್ ಕಾರ್ಯಕ್ರಮ ಬರುತ್ತಿತ್ತು, ಅವನಲ್ಲೂ ಬರುತ್ತಿತ್ತು. ಇಲ್ಲಿ ನಾನು, ಅಲ್ಲಿ ಅವನು, ಕಿವಿಗೆ ಫೋನು ಒತ್ತಿಕೊಂಡು ಒಟ್ಟಿಗೆ ನೋಡುವ ಪದ್ಧತಿ ಶುರುವಾಯಿತು. ಎರಡನೆಯ ವಾರವೇ ನಾನೊಂದು ಗುಟ್ಟು ಕಂಡುಹಿಡಿದೆ. ನನ್ನದು ಮಾಳಿಗೆಯ ಮೇಲಿನ ಡಿಶ್ಶು, ಅವನದು ಕೇಬಲ್ಲು. ಯಾವ ಯಂತ್ರದ ಹೊಟ್ಟೆಯಲ್ಲಿ ತಡವಾಗುತ್ತದೋ ಏನೋ, ನನ್ನ ಮನೆಯಲ್ಲಿ ಮೀನು ಕಚ್ಚಿ ಸ್ವಲ್ಪ ಹೊತ್ತಾದ ಮೇಲೆ ಅವನ ಮನೆಯಲ್ಲಿ ಕಚ್ಚುತ್ತಿತ್ತು.

ಇಂಥ ಅವಕಾಶ ಸಿಕ್ಕರೆ ಬಿಡುವವನೇ ನಾನು? "ಈಗ ನೋಡು, ನನ್ನ ಎಡಗಣ್ಣು ಅದುರ್ತಿದೆ, ಕಚ್ಚುತ್ತೆ!" ಎನ್ನುತ್ತಿದ್ದೆ. ಅವನ ಕಡೆಯಿಂದ ಒಂದು ಮೌನ. ಆಮೇಲೆ, "ಕಚ್ಚಿತು," ಎಂದು ಸಣ್ಣ ದನಿ. "ಇದು ತಪ್ಪಿಸಿಕೊಳ್ಳುತ್ತೆ, ಬರೆದಿಟ್ಟುಕೋ!" ಮೌನ. "ತಪ್ಪಿಸಿಕೊಂಡಿತು." ಎರಡು ವರ್ಷ ನಾನು ತ್ರಿಕಾಲಜ್ಞಾನಿಯಾಗಿ ಮೆರೆದೆ. ಒಂದೇ ಒಂದು ಊಹೆ ತಪ್ಪಲಿಲ್ಲ. ಅವನಿಗೆ ಹೊಟ್ಟೆಕಿಚ್ಚಿನಲ್ಲಿ ನಿದ್ದೆ ಬರುತ್ತಿಲ್ಲವೆಂದು ನಾನು ಬೀದಿಗೆಲ್ಲ ಸಾರಿದ್ದೆ.

ಒಂದು ಭಾನುವಾರ ಹತ್ತಕ್ಕೆ ಟೀವಿ ಹಾಕಿದರೆ ಮೀನಿಲ್ಲ, ದೋಣಿಯಿಲ್ಲ. ಒಬ್ಬ ಹೆಂಗಸು ತಳ ಹಿಡಿಯದ ಬಾಣಲೆ ಮಾರುತ್ತಿದ್ದಳು. ಕಾರ್ಯಕ್ರಮ ನಿಂತೇಹೋಗಿತ್ತು.

"ಹಾಗಿದ್ರೆ ಇನ್ನು ಸುಮ್ನೆ ಯಾಕೆ ಫೋನ್ ಮಾಡೋದು?" ಎಂದ ಗಡಿಯಾರ. ಸಿಟ್ಟಿನಿಂದಲ್ಲ. ನಿಂತ ಗಡಿಯಾರವನ್ನು ನೋಡಿ, "ಸ್ಪ್ರಿಂಗ್ ಹೋಗಿದೆ," ಎನ್ನುತ್ತಿದ್ದನಲ್ಲ, ಅದೇ ದನಿಯಲ್ಲಿ.

"ಏಯ್, ಇರು! ಆರುನೂರ ಹನ್ನೆರಡು ಚಾನೆಲ್ ಇಟ್ಕೊಂಡು ಒಂದು ನೆಟ್ಟಗಿರೋ ಬ್ಯಾಸ್ ಕಾರ್ಯಕ್ರಮ ಹುಡುಕೋಕಾಗಲ್ವಾ ನನಗೆ? ಮುಂದಿನ ಭಾನುವಾರ ಹತ್ತು ಗಂಟೆಗೆ ನಿನ್ನ ಮುಂದೆ ಮೀನು ಇಡ್ತೀನಿ."

ಬೇಟೆ ಶುರುವಾಯಿತು. ಮೊದಲು ಸಿಕ್ಕಿದ್ದು ಇಬ್ಬರು ದಾಂಡಿಗರದು. ಬೆರಳುದ್ದದ ಮೀನು ಸಿಕ್ಕರೂ ಯುದ್ಧ ಗೆದ್ದವರಂತೆ ಕಿರುಚಿ, ತಬ್ಬಿಕೊಂಡು, ಮೀನಿನ ಮೂತಿಗೆ ಮುತ್ತಿಡುತ್ತಿದ್ದರು. "ಈ ಗಲಾಟೆಗೆ ನಮ್ಮ ಹಿನ್ನೀರಿನ ಮೀನು ಸಮುದ್ರಕ್ಕೇ ಓಡಿಹೋಗುತ್ತೆ," ಎಂದ ಗಡಿಯಾರ. ಇನ್ನೊಂದರಲ್ಲಿ ದೋಣಿಗಳು ವಿಮಾನದಂತೆ ಹಾರುತ್ತಿದ್ದವು, ಅವನಿಗೆ ಅದನ್ನು ನೋಡಿಯೇ ತಲೆ ಸುತ್ತಿತು. ಮತ್ತೊಂದರಲ್ಲಿ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ರಬ್ಬರ್ ಹುಳುವಿನ ವ್ಯಾಪಾರ. ಒಂದು ಮಾತ್ರ ಬಹಳ ಚೆನ್ನಾಗಿದೆ ಅನ್ನಿಸಿತು. ಬಿಳಿಗಡ್ಡದವನೊಬ್ಬ ಒಂದರ ಹಿಂದೊಂದು ಮೂರು ಮೀನು ಹಿಡಿದ. ಆದರೆ ನನ್ನದು ದರ್ಜಿಯ ಕಣ್ಣು. ಬಟ್ಟೆಯ ಮೇಲೆ ಕತ್ತರಿ ಎಲ್ಲಿ ಜಾರಿದೆ ಎಂದು ಬೀದಿಯ ಆ ಬದಿಯಿಂದ ಹೇಳಬಲ್ಲೆ. ಮೂರೂ ಮೀನುಗಳ ಬಾಲದಲ್ಲಿ ಅದೇ ಜಾಗದಲ್ಲಿ ಅದೇ ಹರಕು! ಹಿಡಿದಿದ್ದ ಒಂದನ್ನೇ ಮೂರು ಸಲ ಹಿಡಿದಂತೆ ತೋರಿಸಿದ್ದರು ಕಳ್ಳರು.

"ಯಾವುದರಲ್ಲೂ ಕಾಯೋದೇ ಇಲ್ಲ ನೋಡು," ಎಂದ ಗಡಿಯಾರ. "ಎಸೀತಾರೆ, ಎಳೀತಾರೆ. ನಡುವಿನ ಹೊತ್ತನ್ನೆಲ್ಲ ಕತ್ತರಿಸಿ ಬಿಸಾಡಿದಾರೆ. ಅದೇ ಅಲ್ವಾ ಮೀನು ಹಿಡಿಯೋದು ಅಂದ್ರೆ?"

ವಾರ ವಾರಕ್ಕೆ ನಮ್ಮ ಮಾತು ಗಿಡ್ಡವಾಯಿತು, ತೊಳೆದಷ್ಟೂ ಕುಗ್ಗುವ ಅಗ್ಗದ ಬಟ್ಟೆಯ ಹಾಗೆ. ಒಂದು ಭಾನುವಾರ "ಇದೂ ಅಲ್ಲ," ಎಂದು ಇಟ್ಟುಬಿಟ್ಟ. ಅದರ ಮುಂದಿನ ಭಾನುವಾರ ಫೋನನ್ನು ಎತ್ತಿಕೊಂಡವಳು ಅವನ ಮಗಳು.

"ಅಪ್ಪ ಮಲಗಿದಾರೆ ಮಾಮ. ಏಳೋಕೆ ಮನಸ್ಸಿಲ್ಲ ಅಂತಾರೆ. ಹುಷಾರಿಲ್ಲ ಅಂತೇನಿಲ್ಲ. ಭಾನುವಾರ ಬಂದ್ರೆ ಮಾತ್ರ ಹೀಗೆ."

ಆವತ್ತು ನನ್ನವಳು ಟೀಪಾಯಿಯ ಮೇಲೆ ಚಹಾ ಇಟ್ಟು, ಏನೂ ಚುಚ್ಚು ಮಾತಾಡದೆ, ರಿಮೋಟಿಗೆ ಹೊಸ ಸೆಲ್ಲು ಹಾಕಿಕೊಟ್ಟಳು. ಅವಳು ಚುಚ್ಚದಿದ್ದರೆ ಪರಿಸ್ಥಿತಿ ಕೆಟ್ಟಿದೆ ಎಂದೇ ಅರ್ಥ.

ಮಂಗಳವಾರ ಬೆಳಿಗ್ಗೆ, ಐನೂರ ಎಂಬತ್ತೇಳನೆಯ ಚಾನೆಲ್ಲಿನಲ್ಲಿ ಅದು ಸಿಕ್ಕಿತು. ಯಾವ ದೇಶದ್ದೋ, ಯಾವ ಭಾಷೆಯೋ. ಒಂದು ಹಳೆಯ ಮರದ ದೋಣಿ. ಅದರಲ್ಲಿ ತಲೆಗೆ ಬಟ್ಟೆ ಕಟ್ಟಿದ ಒಬ್ಬಳೇ ಮುದುಕಿ. ಸಂಗೀತವಿಲ್ಲ, ಕಿರುಚಾಟವಿಲ್ಲ. ಗಾಳ ಎಸೆದಳು, ನಿಧಾನವಾಗಿ ಎಳೆದುಕೊಂಡಳು, ಮತ್ತೆ ಎಸೆದಳು. ದೋಣಿಗೆ ನೀರು ಬಡಿಯುವ ಸದ್ದು. ಆರು ನಿಮಿಷ ಏನೂ ಆಗಲಿಲ್ಲ. ನನ್ನ ಎದೆ ಹೊಡೆದುಕೊಂಡ ಸದ್ದಿಗೆ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಿದ್ದಾರೆಂದು ತಿಳಿದು ನನ್ನವಳು ಎದ್ದುಹೋದಳು. ಕೊನೆಯಲ್ಲಿ ಪಟ್ಟಿ ತೋರಿಸಿದರು: ಇದೇ ಕಂತು ಭಾನುವಾರ ಹತ್ತಕ್ಕೆ ಮತ್ತೊಮ್ಮೆ.

ಭಾನುವಾರ ಹತ್ತಕ್ಕೆ ಐದು ನಿಮಿಷವಿರುವಾಗ ಅವನನ್ನು ಎಬ್ಬಿಸಿ ಕೂರಿಸಿದ್ದಾಯಿತು. "ಐನೂರ ಎಂಬತ್ತೇಳು ಹಾಕು! ಅರ್ಧ ಗಂಟೆಯ ಕಾರ್ಯಕ್ರಮ."

ಅತ್ತ ಗುಂಡಿ ಒತ್ತುವ ಸದ್ದು. ಮಗಳ ದನಿ. ಮತ್ತೆ ಗುಂಡಿ. ಆಮೇಲೆ ಗಡಿಯಾರ ಹೇಳಿದ: "ನಮ್ಮಲ್ಲಿ ಮುನ್ನೂರಕ್ಕೇ ಮುಗಿಯುತ್ತೆ ಕಣೋ."

"ಮಗಳ ಫೋನಿನಲ್ಲಿ ಎಲ್ಲಾದ್ರೂ ಸಿಗುತ್ತಾ ನೋಡು."

"ಹುಡುಕಿದಾಳೆ, ಇಲ್ಲ. ಸಿಕ್ಕರೂ ಅಂಗೈಯಗಲ ನೀರಿನಲ್ಲಿ ಏನು ನೋಡೋದು?"

ಹತ್ತಾಯಿತು. ನನ್ನ ಪರದೆಯ ಮೇಲೆ ಮುದುಕಿ ದೋಣಿ ನೂಕಿದಳು. ನಾನು ಬಾಯಿ ತೆರೆದೆ, ಮುಚ್ಚಿದೆ.

"ಶುರುವಾಯ್ತಾ?" ಎಂದು ಕೇಳಿದ.

"ಹೂಂ."

"ಸರಿ, ನೀನೇ ಹೇಳು. ನಾನು ಕೇಳ್ತೀನಿ. ಆದ್ರೆ ಒಂದು ಮಾತು. ಇದ್ದದ್ದು ಇದ್ದ ಹಾಗೆ ಹೇಳಬೇಕು. ಎಡಗಣ್ಣು ಅದುರೋ ನಾಟಕ ಬೇಡ."

"ಎಂಥ ನಾಟಕ?"

"ಎಂಟೂವರೆ ಸೆಕೆಂಡು," ಎಂದ. "ಮೊದಲ ದಿನವೇ ಕೈಗಡಿಯಾರ ಇಟ್ಟು ಅಳೆದಿದ್ದೆ. ನಲವತ್ತು ವರ್ಷ ಸೆಕೆಂಡುಗಳನ್ನೇ ರಿಪೇರಿ ಮಾಡಿದವನ ಹತ್ರ ಸೆಕೆಂಡು ಕದಿಯೋಕೆ ಬಂದೆಯಲ್ಲೋ, ಬುದ್ಧಿಗೇಡಿ!"

ನನ್ನ ಕಿವಿ ಬಿಸಿಯಾಯಿತು. ಅದರ ಮೇಲೆ ಇಸ್ತ್ರಿ ಮಾಡಬಹುದಿತ್ತು. "ಮತ್ತೆ ಎರಡು ವರ್ಷ ಯಾಕೆ ಸುಮ್ನಿದ್ದೆ?"

"ದೋಣಿಯಲ್ಲೂ ನೀನು ಹಾಗೇ ಅಲ್ವಾ, ಮೀನು ಬರೋ ಮೊದಲೇ ಕೂಗ್ತಿದ್ದೆ. ಕಣ್ಣು ಮುಚ್ಕೊಂಡು ಕೇಳಿದ್ರೆ ಬೆನ್ನ ಹಿಂದೆ ಕೂತ ಹಾಗೇ ಇರ್ತಿತ್ತು. ಸರಿ, ಈಗ ಹೇಳು. ಏನು ಕಾಣುತ್ತೆ?"

ಹೇಳಿದೆ. ಮರದ ದೋಣಿ, ಬಣ್ಣ ಹೋಗಿದೆ. ಒಬ್ಬಳೇ ಮುದುಕಿ. ನೀರು ಕದಲುತ್ತಿಲ್ಲ. ಎಸೆದಳು. ಏನೂ ಇಲ್ಲ. ಎಳೆದುಕೊಂಡಳು. ಏನೂ ಇಲ್ಲ. ಏನೂ ಇಲ್ಲ ಎಂದು ಅಷ್ಟು ಸಲ ಹೇಳುವುದು ನನ್ನಂಥವನಿಗೆ ಎಂಥ ಶಿಕ್ಷೆ ಎಂದು ನಿಮಗೆ ಗೊತ್ತಿಲ್ಲ. ಮೊಸಳೆಯೊಂದನ್ನು ತರೋಣ ಎಂದು ನಾಲಿಗೆ ತುರಿಸಿತು. ತಡೆದುಕೊಂಡೆ. ಅವನು ಆಗಾಗ "ಹ್ಞೂಂ," ಎನ್ನುತ್ತಿದ್ದ. "ಗಾಳಿ ಯಾವ ಕಡೆಯಿಂದ?" ಎಂದು ಒಮ್ಮೆ ಕೇಳಿದ. ಕೊನೆಗೆ ಒಂದು ಬ್ಯಾಸ್ ಕಚ್ಚಿತು. "ಎಷ್ಟು ದೊಡ್ಡದು?" ಎಂದ. ಹಲ್ಲು ಕಚ್ಚಿಕೊಂಡು, "ಮುಂಗೈಯಷ್ಟು," ಎಂದೆ. ಮುದುಕಿ ಅದನ್ನು ನೀರಿಗೇ ಬಿಟ್ಟಳು.

ಹತ್ತೂವರೆಗೆ ಕಾರ್ಯಕ್ರಮ ಮುಗಿಯಿತು. ಪರದೆಯ ಮೇಲೆ ಬಾಣಲೆಯ ಹೆಂಗಸು ಬಂದಳು. ಅವಳು ಈ ಚಾನೆಲ್ಲಿಗೂ ಬಂದಿದ್ದಳು. ನಾನು ಟೀವಿಯ ದನಿಯನ್ನು ಪೂರ್ತಿ ಇಳಿಸಿದೆ. ಫೋನಿನಲ್ಲಿ ಅವನ ಉಸಿರು ಕೇಳುತ್ತಿತ್ತು.

"ಮತ್ತೆ ಎಸೆದರು," ಎಂದೆ.

"ಹ್ಞೂಂ."

"ಮುಳುಗಿದ ಮರಗಳ ಹತ್ರ ಬಂದಿದಾರೆ. ದಡದಲ್ಲಿ ಪಂಪ್‌ಹೌಸ್ ಕಾಣುತ್ತೆ. ಬಾಗಿಲಿಗೆ ನೀಲಿ ಬಣ್ಣ."

"ಮುದುಕಿ ಎಲ್ಲಿ?" ಎಂದ.

"ಅವಳು ದಡದಲ್ಲಿ ಇಳಿದಳು. ಈಗ ಬೇರೆ ಇಬ್ಬರು ಇದಾರೆ. ಮುಂದೆ ಕೂತವನ ಕೈ ಸ್ವಲ್ಪ ನಡುಗುತ್ತೆ. ಹುಳು ಚೆನ್ನಾಗಿ ಕುಣೀತಿದೆ."

ಬಾಣಲೆಯ ಹೆಂಗಸು ಏನನ್ನೋ ಮಗುಚುತ್ತಿದ್ದಳು. ನಾನು ಆ ಬಾಣಲೆಯನ್ನೇ ನೋಡುತ್ತ ಹಿನ್ನೀರಿನ ಮೇಲೆ ಬಿಸಿಲು ಏರುವುದನ್ನು, ತೇಲಿಬಂದ ಎಲೆಯೊಂದು ದೋಣಿಗೆ ತಾಗಿ ತಿರುಗಿಹೋದದ್ದನ್ನು ಹೇಳಿದೆ. ಒಂದು ಮೀನನ್ನೂ ತರಲಿಲ್ಲ. ಫೋನಿನಲ್ಲಿ, ಅವನ ಮಗಳ ಮನೆಯ ಗೋಡೆಯ ಗಡಿಯಾರ ಬಾರಿಸತೊಡಗಿತು. ಅವನೇ ಊರಿನಿಂದ ಹೊತ್ತುಕೊಂಡು ಹೋದದ್ದು. ವರ್ಷಕ್ಕೆ ಒಂದು ಸೆಕೆಂಡೂ ಹಿಂದೆ ಬೀಳದ್ದು. ನಾನು ಮಾತು ನಿಲ್ಲಿಸಿದೆ. ಹನ್ನೊಂದು ಬಾರಿಸುವವರೆಗೂ ಇಬ್ಬರೂ ಎಣಿಸಿದೆವು.

"ಅರ್ಧ ಗಂಟೆಯ ಕಾರ್ಯಕ್ರಮ ಅಂದಿದ್ದೆ," ಎಂದ ಅವನು.

"ಹೂಂ. ಇನ್ನೂ ಮುಗಿದಿಲ್ಲ."

ಅತ್ತ ಕುರ್ಚಿ ಸರಿದ ಸದ್ದು. ಅವನು ಸರಿಯಾಗಿ ಕೂತುಕೊಂಡಿರಬೇಕು.

"ದೋಣಿಯ ಮೂತಿ ಎದ್ದಿದೆಯಾ?"

"ಇಲ್ಲ," ಎಂದೆ. "ಮಟ್ಟಸವಾಗಿದೆ."

"ಹಾಗಾದ್ರೆ ನಿಧಾನಕ್ಕೆ ಹುಟ್ಟು ಹಾಕು," ಎಂದ ಗಡಿಯಾರ.