ಓಣಿಗೆ ಹಾಕಿದ ಗಾಳಿ

ಹಳೇ ಸೀರೆಯ ತುಂಡನ್ನು ಒದ್ದೆ ಮಾಡಿ ಟೇಬಲ್ ಫ್ಯಾನಿನ ರೆಕ್ಕೆಗಳನ್ನು ಒರೆಸಿದೆ. ಜಾಳಿ ಸಿಕ್ಕಿಸುವಾಗಲೂ ಸದ್ದಾಗದಂತೆ ನೋಡಿಕೊಂಡೆ. ಪರದೆಯ ಆಚೆ ಅಣ್ಣನ ಹೆಂಡತಿ ರಂಜನಾ ವೈನಿಯ ಕೂಸು ಆಗಷ್ಟೇ ಅತ್ತು ಸುಮ್ಮನಾಗಿತ್ತು.

ವೈನಿಗೆ ತಾಯಿ ಇಲ್ಲ. ಹಾಗಾಗಿ ಬಾಣಂತನ ವಡಾಲದ ನಮ್ಮ ಒಂದೇ ಖೋಲಿಯ ಮನೆಯಲ್ಲೇ. ಮೇಲೆ ತಗಡು, ಮೇ ತಿಂಗಳ ಬಿಸಿಲು. ಬಾಣಂತಿಗೆ ಗಾಳಿ ಬಡಿಯಬಾರದೆಂದು ಅವ್ವ ಮೇಲಿನ ಫ್ಯಾನಿನ ಸ್ವಿಚ್ಚಿಗೆ ಟೇಪ್ ಅಂಟಿಸಿದ್ದಾಳೆ. ಬಾಗಿಲು ಸದಾ ಮುಚ್ಚಿರಬೇಕು. ವೈನಿ ಕಿವಿಗೆ ಅರಿವೆ ಕಟ್ಟಿಕೊಂಡು ಬೆವರುತ್ತಾಳೆ. ಕೂಸಿನ ಕುತ್ತಿಗೆ ತುಂಬ ಬೆವರುಗುಳ್ಳೆ. ಎರಡು ದಿನದಿಂದ ಹಾಲೂ ಸರಿಯಾಗಿ ಕುಡಿಯುತ್ತಿಲ್ಲ.

ಒಗ್ಗರಣೆಯ ಹೊಗೆಯನ್ನು ನಾನು ದಿನಾ ನೋಡುತ್ತೇನೆ. ಬಾಗಿಲು ಮುಚ್ಚಿದ್ದರೆ ಅಲ್ಲೇ ನಿಲ್ಲುತ್ತದೆ. ಚೂರು ತೆರೆದರೆ ಕಿಟಕಿಯಿಂದ ಹೊರಗೆ ಹೋಗುತ್ತದೆ.

ಅವ್ವ ಹಾಲು ತರಲು ಇಳಿದಾಗ ಫ್ಯಾನನ್ನು ಅಡಿಗೆಕಟ್ಟೆಯ ಕಿಟಕಿಯಲ್ಲಿ ಹೊರಮುಖವಾಗಿ ಇಟ್ಟು ಚಾಲು ಮಾಡಿದೆ. ಗ್ಯಾಲರಿಯ ಬಾಗಿಲನ್ನು ಗೇಣಿನಷ್ಟು ತೆರೆದೆ. ಗ್ಯಾಲರಿಯಲ್ಲಿ ಆಗಲೇ ನೆರಳು ಬಂದಿತ್ತು. ಸ್ವಲ್ಪ ಹೊತ್ತಿಗೆ ನೆಲದ ಗುಂಟ ತಣ್ಣಗೆ ಗಾಳಿ ಹರಿದು ಬಂತು. ಪರದೆಯ ಅಂಚು ಸಹ ಹಾರಲಿಲ್ಲ. ವೈನಿ ಉಸಿರು ಬಿಟ್ಟು ಕಾಲು ಚಾಚಿದಳು. ಕೂಸು ಹಾಲು ಕುಡಿಯತೊಡಗಿತು.

ಅವ್ವ ಬಂದವಳೇ ಬಾಗಿಲಲ್ಲೇ ನಿಂತಳು. "ಏನವಾ ಇದು? ಓಣಿಗೆ ಗಾಳಿ ಹಾಕಾಕತ್ತಿ ಏನ?"

"ಒಳಗಿನ ಝಳ ಹೊರಗ ಹೋಗತೈತಿ ಅವ್ವಾ. ವೈನಿಗೆ ಬಡಿಯೂದಿಲ್ಲ, ನೋಡು."

"ಬಾಗಲಾ ತೆರದಿಟ್ಟು? ನಾಳೆ ಆಕಿಗೆ ಸನ್ನಿ ಆದ್ರ ನೀ ನೋಡ್ತಿ?" ಅವ್ವ ಬಾಗಿಲು ಹಾಕಿ ಚಿಲಕ ಎಳೆದಳು.

ಪರೇಲ್‌ನಲ್ಲಿ ವಾಚ್‌ಮನ್ ಕೆಲಸ ಮಾಡುವ ಅಣ್ಣ ಶಿವಪುತ್ರ ಅಷ್ಟರಲ್ಲಿ ಬಂದ. ಅವ್ವ ನಾನು ಮಾಡಿದ್ದನ್ನು ಅವನಿಗೂ ಹೇಳಿದಳು.

"ಏಳನೇತ್ತೆಗೆ ಸಾಲಿ ಬಿಟ್ಟ ಇಂಜಿನಿಯರ್ ಬಾಯಿ ಬಂದಾಳ!" ಎಂದು ನಕ್ಕ. "ಡ್ಯೂಟಿ ಮಾಡಿ ಬಂದಾಂವ ನಾ, ಗಾಳಿ ಓಣಿ ಮಂದಿಗೆ!"

ಅಂಗಿ ಕಳಚಿ, ಫ್ಯಾನನ್ನು ತನ್ನ ಕಡೆ ತಿರುಗಿಸಿಕೊಂಡು ಗೋಡೆಗೆ ಒರಗಿದ. ಆ ಗಾಳಿ ವೈನಿಯತ್ತ ಹೋಗದಂತೆ ಅವ್ವ ಪರದೆಯ ಮೇಲೆ ಇನ್ನೊಂದು ಚಾದರ ಹಾಕಿದಳು.

ತಗಡಿನಿಂದ ಇಳಿದ ಬಿಸಿಯನ್ನೇ ಫ್ಯಾನು ಕಡೆದು ಕಡೆದು ಅವನ ಎದೆಗೆ ಹಾಕುತ್ತಿತ್ತು. ಚಾದರದ ಹಿಂದೆ ಕೂಸು ಮತ್ತೆ ಅಳತೊಡಗಿತು. ಅವ್ವ ಪೌಡರ್ ಡಬ್ಬಿ ಹುಡುಕಿದಳು. ವೈನಿ ಸಂದಿಯಿಂದ ನನ್ನನ್ನು ನೋಡಿದಳು. ಆಗ ತಂಪಾಗಿತ್ತೆಂದು ಈಗಲಾದರೂ ಹೇಳಿಯಾಳು ಅಂದುಕೊಂಡೆ. ಗಂಡನನ್ನು ನೋಡಿ, ಅತ್ತೆಯನ್ನು ನೋಡಿ, ತಲೆ ತಗ್ಗಿಸಿದಳು.

"ಅಣ್ಣಾ, ಬಾಗಲಾ ಚೂರು ತೆಗೀತೀನಿ, ಫ್ಯಾನ್ ಹೊರಗ ಮಾರಿ ಮಾಡಿ ಇಡು," ಅಂದೆ.

ಅವನು ಮೊಬೈಲಿನಿಂದ ತಲೆ ಎತ್ತಲಿಲ್ಲ. ಅವ್ವ ಪೌಡರ್ ಹಾಕುತ್ತಿದ್ದಳು.

"ಕೂಸು ಹಾಲು ಕುಡಿಯೂತನಾ ಆದ್ರೂ ಇಡು, ಅಣ್ಣಾ."