ಟ್ರೇಲರಿನ ಬೆನ್ನ ಮೇಲಿನ ಹೆಸರು

ಮಗಳ ಮನೆ ಇನ್ನೇನು ಬಂತು ಅನ್ನುವಾಗ ಡೆಲ್ಮರನ ಬಾಯಿಗೆ ಬೀಗ ಬಿತ್ತು. ಅಯೋವಾದಿಂದ ಹೊರಟಾಗಿನಿಂದ ಹೆಲ್ಮೆಟ್ಟಿನೊಳಗಿನ ಮೈಕಿನಲ್ಲಿ ಒಂದೇ ಸಮನೆ ವಟಗುಟ್ಟಿದ್ದ ಮನುಷ್ಯ. ಜೋಳದ ಹೊಲ ಕಂಡರೆ ಜೋಳದ ಮಾತು, ಲಾರಿ ಕಂಡರೆ ಲಾರಿಯ ಮಾತು. ಮಿನ್ನೆಸೋಟದ ಗಡಿ ದಾಟಿದ್ದೇ ತಡ, ಹಿಂದಿನ ಸೀಟಿನಲ್ಲಿದ್ದ ವೆರ್ನಾಗೆ ಅವನ ಉಸಿರಾಟವಷ್ಟೇ ಕೇಳತೊಡಗಿತು.

"ಹೇಳ್ತೀಯ ತಾನೆ?" ಎಂದಳು.

"ಹೇಳ್ತೀನಿ ಅಂದ್ನಲ್ಲ."

"ಕಾಫಿ ಕೈಗೆ ಬರೋಕೆ ಮುಂಚೆ."

"ಆಯ್ತು ಮಾರಾಯ್ತಿ. ಗಾಡಿ ಓಡಿಸೋಕೆ ಬಿಡು ನನ್ನ."

ಏಪ್ರಿಲ್‌ನಲ್ಲಿ ಇಬ್ಬರೂ ಕೋರ್ಟಿಗೆ ಹೋಗಿ ಮದುವೆಯಾಗಿದ್ದರು. ಬೈಕ್ ಕ್ಲಬ್ಬಿನ ಗೆಳೆಯರಿಬ್ಬರು ಸಾಕ್ಷಿ. ಇಬ್ಬರಿಗೂ ಅರವತ್ತು ದಾಟಿದೆ. ವೆರ್ನಾಳ ಮೊದಲ ಗಂಡ ತೀರಿಕೊಂಡು ಎಷ್ಟೋ ಕಾಲವಾಗಿತ್ತು, ಡೆಲ್ಮರನ ಹೆಂಡತಿ ಮಾರ್ಲಿಸ್ ಹೋಗಿದ್ದು ಮಾತ್ರ ಈ ಮದುವೆಗೆ ಹಿಂದಿನ ಚಳಿಗಾಲ ಶುರುವಾಗುವಾಗ. ಅವನ ಮತ್ತು ಮಾರ್ಲಿಸಳ ಮಗಳು ರೋಂಡಾಗೆ ಮದುವೆಯ ಸುದ್ದಿಯೇ ಗೊತ್ತಿಲ್ಲ. ಏಪ್ರಿಲ್‌ನಲ್ಲಿ ಕೇಳಿದರೆ "ಫೋನಲ್ಲಿ ಹೇಳೋ ಮಾತಲ್ಲ" ಅಂದ. ಮೇ ತಿಂಗಳಲ್ಲಿ ಕೇಳಿದರೆ ಅವಳಮ್ಮನ ಹುಟ್ಟುಹಬ್ಬ ಅಡ್ಡ ಬಂತು. ಜೂನಿನಲ್ಲಿ ಮಗಳಿಗೇ ಮೈ ಸರಿಯಿಲ್ಲ ಅಂದ. ಈಗ ಜುಲೈ. ಕ್ಲಬ್ಬಿನ ವರ್ಷದ ಕೂಟಕ್ಕೆ ಹೋಗುವ ದಾರಿ ಮಗಳ ಊರಿನ ಮೇಲೇ ಹಾದುಹೋಗುತ್ತದೆ, ಇನ್ನು ನೆಪ ಹುಡುಕಲು ಜಾಗವಿರಲಿಲ್ಲ. ಅವಳ ಮುಂದೆ ಹೇಳುವುದಾದರೆ ಬರುತ್ತೇನೆ, ಇಲ್ಲದಿದ್ದರೆ ನೀನೊಬ್ಬನೇ ಹೋಗು ಎಂದು ವೆರ್ನಾ ಖಡಾಖಂಡಿತವಾಗಿ ಹೇಳಿಯೇ ಹೊರಟಿದ್ದಳು.

ಎಲ್ಲದಕ್ಕೂ ಕ್ಯಾತೆ ತೆಗೆಯುವ ಹೆಂಗಸಲ್ಲ ಅವಳು. ಬೈಕಿನ ಹಿಂದೆ ಎಳೆದುಕೊಂಡು ಬರುತ್ತಿದ್ದ ಪುಟ್ಟ ಟ್ರೇಲರ್ ಮಾರ್ಲಿಸ್ ಇಷ್ಟಪಟ್ಟು ಕೊಂಡದ್ದು. ಮುಚ್ಚಳ ಬಿಡಿಸಿ ಡೇರೆ ಎತ್ತಿದರೆ ಒಳಗೆ ಇಬ್ಬರು ಮಲಗುವ ಹಾಸಿಗೆ, ಕಿಟಕಿಗೆ ಮಾರ್ಲಿಸ್ ಹೊಲಿದ ಪರದೆ. ಆ ಪರದೆಯ ಕೆಳಗೆ ವೆರ್ನಾ ತಕರಾರಿಲ್ಲದೆ ಮಲಗಿದ್ದಳು. ಕ್ಲಬ್ಬಿನ ಎಲ್ಲರ ಹಾಗೆ ಟ್ರೇಲರಿನ ಬೆನ್ನ ಮೇಲೆ ಗಂಡ ಹೆಂಡಿರ ಹೆಸರಿತ್ತು, "ಡೆಲ್ಮರ್ ಮತ್ತು ಮಾರ್ಲಿಸ್" ಎಂದು, ಬೆಳ್ಳಿ ಬಣ್ಣದ ಅಕ್ಷರಗಳಲ್ಲಿ. ಒಂದು ದಿನ ಯಾರೂ ಕೇಳದಿದ್ದರೂ ಡೆಲ್ಮರನೇ ಎರಡನೇ ಹೆಸರನ್ನು ಕೆರೆದು ತೆಗೆದ. ಸುತ್ತಲಿನ ಕೆಂಪು ಬಣ್ಣ ಬಿಸಿಲಿಗೆ ಮಾಸಿತ್ತು, ಅಕ್ಷರದಡಿಯದು ಮಾಸಿರಲಿಲ್ಲ, ಹಾಗಾಗಿ ಕೆರೆದರೂ ಮಾರ್ಲಿಸ್ ಎಂದು ಚೆನ್ನಾಗಿಯೇ ಓದಬಹುದಿತ್ತು. ರೋಂಡಾಗೆ ಹೇಳಿದ ಮೇಲೆ ನಿನ್ನ ಹೆಸರು ಅಂಟಿಸೋಣ ಅಂದಿದ್ದ. ವೆರ್ನಾ ಅದಕ್ಕೂ ತಲೆಯಾಡಿಸಿದ್ದಳು. ಮಗಳ ಎದುರು ನಿಂತು ಇವಳು ನನ್ನ ಹೆಂಡತಿ ಅಂತ ಒಂದು ಮಾತು ಹೇಳಲಿ, ಅವಳಿಗೆ ಬೇಕಾದ್ದು ಅಷ್ಟೇ.

ರೋಂಡಾಳ ಮನೆ ರಸ್ತೆಯಿಂದ ತಗ್ಗಿನಲ್ಲಿತ್ತು. ಗೇಟಿಲ್ಲದ ಇಳಿಜಾರು ದಾರಿ ನೇರ ಕಾರ್ ಷೆಡ್ಡಿನ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು.

"ರಸ್ತೆ ಮೇಲೇ ನಿಲ್ಸು. ಒಳಗೆ ಇಳೀಬೇಡ, ಡೆಲ್ಮರ್."

ಟ್ರೇಲರ್ ಕಟ್ಟಿದ ಬೈಕು ಮುಂದಕ್ಕೆ ಎಷ್ಟು ದೂರ ಬೇಕಾದರೂ ಹೋಗುತ್ತದೆ, ಹಿಂದಕ್ಕೆ ಮಾತ್ರ ನಾಲ್ಕು ಅಡಿ ಹೋಗುವುದಿಲ್ಲ. ಹಿಂದೆ ತಳ್ಳಿದರೆ ಟ್ರೇಲರು ಅಡ್ಡಡ್ಡ ತಿರುಗಿ ನಿಂತುಬಿಡುತ್ತದೆ. ಇದು ಡೆಲ್ಮರನಿಗೆ ಯಾರೂ ಕಲಿಸಬೇಕಾದ ಪಾಠವಲ್ಲ. ಆದರೆ ಮಗಳು ಕೆಳಗೆ ನಿಂತು ಬಾ ಬಾ ಎಂದು ಕೈ ಬೀಸುತ್ತಿದ್ದಳು, ಮನುಷ್ಯನಿಗೆ ಆ ಹೊತ್ತಿಗಾಗಲೇ ಕೈಕಾಲು ಆಡುತ್ತಿರಲಿಲ್ಲ, ಇಳಿಸಿಯೇಬಿಟ್ಟ.

ರೋಂಡಾ ಅಪ್ಪನನ್ನು ತಬ್ಬಿಕೊಂಡಳು. ಆಮೇಲೆ ವೆರ್ನಾಳ ಕಡೆ ತಿರುಗಿ ನಕ್ಕಳು. "ಇವರು?"

"ಇವರು ವೆರ್ನಾ," ಅಂದ ಡೆಲ್ಮರ್. "ನಮ್ಮ ಕ್ಲಬ್ಬಿನವರು. ಇವರ ಬೈಕು ಕೆಟ್ಟುಹೋಯ್ತು ನೋಡು, ಇಲ್ಲೇ ನಿಮ್ಮೂರಲ್ಲೇ ರಿಪೇರಿಗೆ ಬಿಟ್ಟಿದೆ. ಅಲ್ಲೀವರೆಗೂ ಕೂರಿಸ್ಕೊಂಡೆ."

ವೆರ್ನಾಳ ಮೈಯೆಲ್ಲ ಉರಿದುಹೋಯಿತು. ಅವಳು ಹುಟ್ಟಿದಾಗಿನಿಂದ ಬೈಕು ಓಡಿಸಿದವಳಲ್ಲ. ಎಷ್ಟು ಸಲೀಸಾಗಿ ಬಂತು ನೋಡಿ ಸುಳ್ಳು, ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದವನ ಹಾಗೆ.

ಅಡುಗೆಮನೆಯಲ್ಲಿ ರೋಂಡಾ ಕಾಫಿ ಕೊಟ್ಟಳು, ರೂಬಾರ್ಬ್ ಎಂಬ ಹುಳಿ ದಂಟು ಹಾಕಿದ ಸಿಹಿ ಬಿಲ್ಲೆಗಳನ್ನು ತಟ್ಟೆಯಲ್ಲಿ ಇಟ್ಟಳು. ಫ್ರಿಜ್ಜಿನ ಮೇಲೆ ಮಾರ್ಲಿಸಳ ಫೋಟೋ ಇತ್ತು, ಇದೇ ಬೈಕಿನ ಇದೇ ಹಿಂದಿನ ಸೀಟಿನಲ್ಲಿ ಕೂತದ್ದು. ವೆರ್ನಾ ಬಲಗೈಯ ಗವಸು ಮಾತ್ರ ತೆಗೆದಿದ್ದಳು. ಎಡಗೈಯ ಗವಸಿನೊಳಗೆ ಮದುವೆಯ ಉಂಗುರವಿತ್ತು, ಡೆಲ್ಮರನ ಕಣ್ಣು ಆ ಕೈಯನ್ನು ಬಿಟ್ಟು ಕದಲುತ್ತಿರಲಿಲ್ಲ. ಅವನ ಬೆರಳಂತೂ ಬರಿದಾಗಿತ್ತು. ಪೆಟ್ರೋಲ್ ಹಾಕಿಸಲು ನಿಂತಾಗಲೇ ತೆಗೆದು ಜೇಬಿಗೆ ಹಾಕಿರಬೇಕು.

"ಜುಲೈನಲ್ಲೂ ಕೈ ಚಳೀನಾ ನಿಮ್ಗೆ?" ರೋಂಡಾ ನಗುತ್ತ ಕೇಳಿದಳು.

"ಕೀಲು ನೋವು," ಅಂದಳು ವೆರ್ನಾ. ಅಂದ ಮೇಲೆ ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು. ಇವನಿಗೋಸ್ಕರ ನಾನೂ ಸುಳ್ಳು ಶುರುಹಚ್ಚಿಕೊಂಡೆನಲ್ಲ ಅನ್ನಿಸಿ ಕಾಫಿ ಲೋಟ ಪಕ್ಕಕ್ಕೆ ಸರಿಸಿದಳು. "ಡೆಲ್ಮರ್, ಮಗಳಿಗೆ ಏನೋ ಹೇಳ್ಬೇಕು ಅಂತಿದ್ದೆಯಲ್ಲ."

"ಹಾಂ, ಹೌದು," ಅಂದ ಡೆಲ್ಮರ್. "ಟೈರು, ರೋಂಡಾ. ಟ್ರೇಲರಿಗೆ ಹೊಸ ಟೈರು ಹಾಕಿಸ್ದೆ."

ಬಿಲ್ಲೆಯನ್ನು ಅರ್ಧಕ್ಕೇ ಬಿಟ್ಟು ಎದ್ದ, ಕತ್ತಲಾಗುವ ಮೊದಲು ಕ್ಯಾಂಪ್ ಸೇರಬೇಕು ಅಂದ. ಓಡಿಹೋಗುವ ಅವಸರ. ಆದರೆ ಹೊರಗೆ ಬಂದು ನೋಡಿದರೆ ಎಲ್ಲಿಗೆ ಓಡುವುದು? ಮುಂದೆ ಷೆಡ್ಡಿನ ಬಾಗಿಲು, ಹಿಂದೆ ಏರು, ನಡುವೆ ಟ್ರೇಲರು. ಕೊಂಡಿ ಕಳಚಿ, ಟ್ರೇಲರನ್ನು ಕೈಯಲ್ಲೇ ರಸ್ತೆಗೆ ತಳ್ಳಿ, ಬೈಕು ತಿರುಗಿಸಿ ಮತ್ತೆ ಕಟ್ಟಬೇಕು. ಒಬ್ಬನ ಕೈಲಿ ಆಗುವ ಕೆಲಸವಲ್ಲ.

"ಅಮ್ಮ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ಲು," ಎಂದಳು ರೋಂಡಾ. "ರಸ್ತೆ ಮೇಲೇ ನಿಲ್ಸು ಅಂತ ಎಷ್ಟು ಸಲ ಬಡ್ಕೊಂಡಿದ್ಲು."

ಡೆಲ್ಮರ್ ರಸ್ತೆಯ ಕಡೆಯಿಂದ ಎಳೆದ, ಹೆಂಗಸರಿಬ್ಬರೂ ಕೊಂಡಿಯ ಕಡೆಯಿಂದ ಭುಜ ಕೊಟ್ಟರು. ಮೇಲೆ ನಿಲ್ಲಿಸಿ ಬೆವರು ಒರೆಸಿಕೊಳ್ಳುವಾಗ ರೋಂಡಾ ಟ್ರೇಲರಿನ ಬೆನ್ನ ಮೇಲಿನ ಅಕ್ಷರಗಳನ್ನು ಕಂಡಳು.

"ಅಪ್ಪ, ಅಮ್ಮನ ಹೆಸರು?"

"ಅದಾ, ಬಿಸಿಲಿಗೆ ಉದುರಿಹೋಯ್ತಮ್ಮ. ಅಂಟು ಒಣಗಿತ್ತು."

"ನಿನ್ನ ಹೆಸರು ಉದುರಿಲ್ವಲ್ಲ."

"ಹೊಸದು ಅಂಟಿಸ್ತೀನಿ ಬಿಡು. ಅಮ್ಮಂದೇ ಅಂಟಿಸ್ತೀನಿ."

ರೋಂಡಾ ಮಾಸದೆ ಉಳಿದಿದ್ದ ಅಕ್ಷರಗಳ ಮೇಲೆ ಬೆರಳಾಡಿಸಿದಳು. ವೆರ್ನಾ ಬೇರೆ ಕಡೆ ಮುಖ ತಿರುಗಿಸಿದಳು. ಸತ್ತವಳ ಮೇಲೆ ಅವಳಿಗೆ ಯಾವ ಹೊಟ್ಟೆಕಿಚ್ಚೂ ಇರಲಿಲ್ಲ. ಸತ್ತವಳಿಗೂ ತನಗೂ ಒಟ್ಟಿಗೆ ಅವಮಾನ ಆದಂತಾಯಿತು.

ಬೈಕು ತಿರುಗಿಸಿ ಕೊಂಡಿ ಹಾಕುವಾಗ ವೆರ್ನಾ ಎಂದಿನಂತೆ ಹಿಂದೆ ಹೋಗಿ ನಿಂತಳು. ಎಲ್ಲ ಭದ್ರವಾಗಿದೆಯೇ ಎಂದು ಒಬ್ಬರು ಕೂಗಿ ಕೇಳಬೇಕು, ಇನ್ನೊಬ್ಬರು ಮುಟ್ಟಿ ನೋಡಿ ಹೇಳಬೇಕು, ಹಾಗಲ್ಲದೆ ಹೊರಡುವಂತಿಲ್ಲ.

"ನಾನು ಕೇಳ್ತೀನಿ, ಅಮ್ಮನ ಹಾಗೆ," ಎಂದು ರೋಂಡಾ ನಡುವೆ ಬಂದಳು. "ಕೊಂಡಿ?"

"ಬಿತ್ತು," ಅಂದ ಡೆಲ್ಮರ್.

"ಸರಪಳಿ?"

"ಎರಡೂ."

"ದೀಪ?"

ಎಡಗಡೆಯದು ಮಿನುಗಿತು, ಬಲಗಡೆಯದು ಮಿನುಗಿತು. ಅಪ್ಪ ಮಗಳು ಇಬ್ಬರ ಕಣ್ಣೂ ಒದ್ದೆಯಾಗಿತ್ತು. ಹೆಲ್ಮೆಟ್ಟು ಕೈಲಿ ಹಿಡಿದು ನಿಂತ ವೆರ್ನಾ, ಯಾರದೋ ಮನೆಯ ಕಾರ್ಯಕ್ಕೆ ಕರೆಯದೆ ಬಂದವಳಾದಳು.

ಮಿಕ್ಕ ಬಿಲ್ಲೆಗಳನ್ನು ಕಟ್ಟಿಕೊಡುತ್ತೇನೆಂದು ರೋಂಡಾ ಒಳಗೆ ಹೋದಳು. ವೆರ್ನಾ ಬೈಕಿನ ಹತ್ತಿರ ಬಂದಳು.

"ಇದು ಕೊನೇ ಸಲ ಕೇಳ್ತಿರೋದು. ಅವಳು ಆಚೆ ಬಂದ ತಕ್ಷಣ ಹೇಳ್ತೀಯಾ?"

"ನೋಡಿದ್ಯಲ್ಲ ಅವಳನ್ನ. ಹೆಂಗೆ ಹೇಳ್ಲಿ? ರಾತ್ರಿ ಫೋನ್ ಮಾಡಿ ಹೇಳ್ತೀನಿ, ಆಣೆಗೂ."

"ಫೋನಲ್ಲಿ ಹೇಳೋ ಮಾತಲ್ಲ ಅಂದಿದ್ದೆ."

"ಈಗೇನು ರಂಪ ಮಾಡ್ತೀಯಾ ಇಲ್ಲಿ?"

"ಇಲ್ಲ ಕಣೋ. ನಾನ್ಯಾಕೆ ಮಾಡ್ಲಿ."

ಅವಳು ಟ್ರೇಲರಿನ ಮುಚ್ಚಳ ಎತ್ತಿ ತನ್ನ ಚೀಲ ಹೊರಗೆಳೆದಳು. ಡಬ್ಬಿ ಹಿಡಿದು ಬಂದ ರೋಂಡಾಗೆ ತಣ್ಣಗೆ ಹೇಳಿದಳು, "ನನ್ನ ಬೈಕು ಇಲ್ಲೇ ನಿಮ್ಮೂರಲ್ಲೇ ಇದೆಯಲ್ಲ. ಕಾರಲ್ಲಿ ಅಲ್ಲೀವರೆಗೂ ಬಿಡ್ತೀರಾ? ನಿಮ್ಮಪ್ಪನಿಗೆ ಕತ್ತಲಾಗೋದ್ರೊಳಗೆ ಕ್ಯಾಂಪ್ ಸೇರ್ಬೇಕಂತೆ."

"ಅಯ್ಯೋ, ಅದಕ್ಕೇನಂತೆ," ಎಂದಳು ರೋಂಡಾ. "ಬನ್ನಿ."

ಡೆಲ್ಮರ್ ತನ್ನ ಸುಳ್ಳಿಗೆ ತಾನೇ ಸಿಕ್ಕಿಬಿದ್ದ. ಬೇಡ ಅನ್ನಬೇಕಾದರೆ ಬೈಕೇ ಇಲ್ಲ ಅನ್ನಬೇಕು, ಬೈಕಿಲ್ಲ ಅಂದರೆ ಇವಳ್ಯಾರು ಅಂತಲೂ ಹೇಳಬೇಕು. ಕಾರು ರಸ್ತೆಗೆ ಬಂದು ತಿರುಗುವವರೆಗೂ ವೆರ್ನಾ ಅವನ ಮುಖ ನೋಡುತ್ತಲೇ ಇದ್ದಳು. ಅವನು ಸುಮ್ಮನೆ ಕೈ ಬೀಸಿದ.

ಕಾರಿನಲ್ಲಿ ಕೂತ ಮೇಲೆ ವೆರ್ನಾ ಎಡಗೈಯ ಗವಸು ಎಳೆದು ತೆಗೆದಳು. ರೋಂಡಾಳ ಕಣ್ಣು ಉಂಗುರದ ಮೇಲೆ ಬಿತ್ತು.

"ಓ, ನಿಮ್ಮ ಯಜಮಾನ್ರು ಬೈಕ್ ಓಡಿಸಲ್ವಾ?"

"ಓಡಿಸ್ತಾನೆ."

"ಮತ್ತೆ ಜೊತೇಲಿ ಬರ್ಲಿಲ್ವಾ?"

ವೆರ್ನಾ ಸುಮ್ಮನಿರಬಹುದಿತ್ತು. ಇವತ್ತಿಗೆ ಇನ್ನೊಂದು ಸುಳ್ಳು ಅವಳಿಂದ ಆಗಲಿಲ್ಲ.

"ಬಂದಿದ್ದಾನೆ. ನಿಮ್ಮನೆ ಮುಂದೆ ನಿಂತಿದ್ದಾನೆ."

ರೋಂಡಾ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಳು. ಒಂದು ಟ್ರ್ಯಾಕ್ಟರ್ ಪಕ್ಕದಲ್ಲಿ ಹಾದುಹೋಯಿತು.

"ಯಾವಾಗ?"

"ಏಪ್ರಿಲ್‌ನಲ್ಲಿ."

"ಹೆಸರು ಬಿಸಿಲಿಗೆ ಉದುರ್ಲಿಲ್ಲ ಹಾಗಾದ್ರೆ."

"ಅವನೇ ಕೆರೆದ. ನಾನು ಕೇಳಿರ್ಲಿಲ್ಲ."

ರೋಂಡಾಗೆ ಡೆಲ್ಮರನ ಫೋನು ಬಂತು. ಪರದೆಯ ಮೇಲೆ ಅಪ್ಪ ಎಂದು ಬಂದದ್ದನ್ನು ಇಬ್ಬರೂ ನೋಡಿದರು. ರೋಂಡಾ ಫೋನನ್ನು ಬೋರಲು ಹಾಕಿದಳು. ಅವಳು ಕೂಗಾಡುತ್ತಾಳೆ, ಇಳಿ ಕೆಳಗೆ ಅನ್ನುತ್ತಾಳೆ ಎಂದು ವೆರ್ನಾ ಚೀಲದ ಹಿಡಿ ಬಿಗಿಹಿಡಿದು ಕಾಯುತ್ತಿದ್ದಳು.

"ನನಗ್ಯಾಕೆ ಹೇಳ್ಲಿಲ್ವಂತೆ?" ಕೇಳಿದಳು ರೋಂಡಾ, ಮುಂದಿನ ಗಾಜನ್ನೇ ನೋಡುತ್ತ.

"ಫೋನಲ್ಲಿ ಹೇಳೋ ಮಾತಲ್ಲ ಅಂತ."

"ಅಮ್ಮನ ಕಾಯಿಲೇಗೂ ಇದೇ ಮಾತು ಅಂದಿದ್ದ," ಎಂದಳು ರೋಂಡಾ. "ಫೋನಲ್ಲಿ ಹೇಳೋ ಮಾತಲ್ಲ ಅಂತ ಮುಚ್ಚಿಟ್ಟ. ನಾನು ಹೋಗೋ ಹೊತ್ತಿಗೆ ಅಮ್ಮನಿಗೆ ನನ್ನ ಗುರುತೇ ಸಿಗ್ಲಿಲ್ಲ."

ಫೋನು ಮತ್ತೆ ಬಡಿದುಕೊಂಡಿತು, ನಿಂತಿತು. ಹಿಂದಿರುಗಿ ಮನೆಗೆ ಹೋಗುತ್ತಾಳೋ ಎಂದು ವೆರ್ನಾ ನೋಡಿದಳು. ರೋಂಡಾ ಗಾಡಿ ತಿರುಗಿಸಲಿಲ್ಲ.

"ನಿಮ್ಮ ಬೈಕು ಯಾವ ಗ್ಯಾರೇಜಲ್ಲಿದೆ?" ಎಂದು ಕೇಳಿದಳು. ಕೇಳಿದ ಮೇಲೆ ಬೈಕೇ ಇಲ್ಲ ಎಂದು ಅವಳಿಗೇ ಹೊಳೆದು ತುಟಿ ಕಚ್ಚಿಕೊಂಡಳು. "ಅಯೋವಾ ಕಡೆ ಹೋಗೋ ಬಸ್ಸು ಪೆಟ್ರೋಲ್ ಬಂಕಿನ ಹತ್ರ ನಿಲ್ಲುತ್ತೆ. ಅಲ್ಲಿಗೇ ಬಿಡ್ತೀನಿ."